ದ್ವಿಚಕ್ರ ವಾಹನಗಳ ಧ್ವನಿ ವ್ಯವಸ್ಥೆ: ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳ ಹೊಂದಾಣಿಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮೋಟಾರ್ ಸೈಕಲ್‌ಗಳಲ್ಲಿ ಧ್ವನಿ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವವರು ಎರಡು ವರ್ಗದವರಾಗಿರುತ್ತಾರೆ. ದೂರ ಪ್ರಯಾಣದ ವಾಹನಗಳಲ್ಲಿ ತಯಾರಕರು ಅಳವಡಿಸಿರುವ ವ್ಯವಸ್ಥೆಯನ್ನು ಉನ್ನತೀಕರಿಸಲು ಬಯಸುವವರು ಮೊದಲನೆಯವರು. ಹಳ್ಳಿ ಹಾಗೂ ಬಡಾವಣೆಗಳಲ್ಲಿ ಮೀನು, ಹಣ್ಣು, ಪಾತ್ರೆ, ಬಟ್ಟೆ ಮುಂತಾದವುಗಳನ್ನು ಮಾರಲು ಮೊಪೆಡ್ ಮತ್ತು ಬೈಕ್‌ಗಳಿಗೆ ಧ್ವನಿವರ್ಧಕ ಕಟ್ಟಿಕೊಳ್ಳುವ ಸಣ್ಣ ವ್ಯಾಪಾರಿಗಳು ಎರಡನೆಯವರು. ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳು ಪರಸ್ಪರ ಹೊಂದದಿದ್ದಲ್ಲಿ ಹಣ ವ್ಯರ್ಥವಾಗುವುದಲ್ಲದೆ, ವಾಹನದ ಬ್ಯಾಟರಿ ಖಾಲಿಯಾಗಿ ಮಾರ್ಗಮಧ್ಯೆ ನಿಲ್ಲುವ, ವೈರಿಂಗ್ ಸುಟ್ಟುಹೋಗುವ ಹಾಗೂ ಕಾನೂನು ಉಲ್ಲಂಘನೆಯಾಗುವ ಸಂಭವವಿರುತ್ತದೆ. ಆದುದರಿಂದ ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

1. ಮೊದಲು ವಾಹನದ ವಿದ್ಯುತ್ ಸಾಮರ್ಥ್ಯವನ್ನು ಪರಿಶೀಲಿಸುವುದು

ಸಾಮಾನ್ಯವಾಗಿ ಗ್ರಾಹಕರು ಸ್ಪೀಕರನ್ನು ಮೊದಲು ಆರಿಸಿ, ಅದಕ್ಕೆ ತಕ್ಕ ಆಂಪ್ಲಿಫೈಯರನ್ನು ಹುಡುಕುತ್ತಾರೆ. ದ್ವಿಚಕ್ರ ವಾಹನದ ಮಟ್ಟಿಗೆ ಈ ಕ್ರಮವು ಸೂಕ್ತವಲ್ಲ. ಕಾರಿಗೆ ಹೋಲಿಸಿದರೆ ಬೈಕಿನ ಬ್ಯಾಟರಿ ಮತ್ತು ವಿದ್ಯುತ್ ಉತ್ಪಾದನೆ ಎರಡೂ ಬಹಳ ಕಡಿಮೆ. ಆದುದರಿಂದ ಲಭ್ಯವಿರುವ ವಿದ್ಯುತ್ತನ್ನು ಲೆಕ್ಕಹಾಕಿ, ನಂತರವೇ ಉಪಕರಣಗಳನ್ನು ಆರಿಸತಕ್ಕದ್ದು.

ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ ಚಾಲನೆಯಲ್ಲಿರುವಾಗ ಸದಾ ಉರಿಯುವಂತಿರುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ನಂತರ ಬಹುಪಾಲು ಬೈಕ್‌ಗಳಲ್ಲಿ ಕಾರ್ಬುರೇಟರ್ ಬದಲಿಗೆ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿದ್ದು, ಅದರ ಪಂಪ್ ಹಾಗೂ ನಿಯಂತ್ರಣ ಘಟಕಕ್ಕೂ ವಿದ್ಯುತ್ ಬೇಕು. 125 ಸಿಸಿಗಿಂತ ಹೆಚ್ಚಿನ ವಾಹನಗಳಲ್ಲಿ ಎಬಿಎಸ್ ಬ್ರೇಕ್ ವ್ಯವಸ್ಥೆಯೂ ಇರುತ್ತದೆ. ಧ್ವನಿ ವ್ಯವಸ್ಥೆಗೆ ದೊರೆಯುವುದು ಇವೆಲ್ಲ ಬಳಸಿ ಉಳಿದ ವಿದ್ಯುತ್ ಮಾತ್ರ.

ಲೆಕ್ಕದ ಮಾದರಿಗಾಗಿ, 150 ವಾಟ್ ಉತ್ಪಾದಿಸುವ ಮ್ಯಾಗ್ನೆಟ್ ಕಾಯಿಲ್ ಇರುವ ಒಂದು ಬೈಕನ್ನು ಪರಿಗಣಿಸಬಹುದು:

- ಮುಂದೀಪ: 35 ವಾಟ್
- ಹಿಂದೀಪ ಮತ್ತು ಮೀಟರ್: 10 ವಾಟ್
- ಇಂಧನ ಪಂಪ್, ಇಂಜೆಕ್ಷನ್, ಇಗ್ನಿಷನ್: 50 ವಾಟ್
- ಬ್ಯಾಟರಿ ಚಾರ್ಜ್ ಆಗಲು: 15 ವಾಟ್
- ಒಟ್ಟು ಬಳಕೆ: 110 ವಾಟ್
- ಉಳಿಕೆ: 40 ವಾಟ್

ಈ ಉಳಿಕೆಯು ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿರುವಾಗ ಮಾತ್ರ ದೊರೆಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಅಥವಾ ನಿಧಾನವಾಗಿ ಸಾಗುವಾಗ ಉತ್ಪಾದನೆ ಕುಸಿಯುವುದರಿಂದ ಧ್ವನಿ ವ್ಯವಸ್ಥೆಯು ಬ್ಯಾಟರಿಯಿಂದಲೇ ವಿದ್ಯುತ್ ಸೆಳೆಯುತ್ತದೆ. ವಾಹನದ ನಿಖರ ಉತ್ಪಾದನಾ ಸಾಮರ್ಥ್ಯವನ್ನು ಸರ್ವಿಸ್ ಕೈಪಿಡಿಯಲ್ಲಿ ಅಥವಾ ಅಧಿಕೃತ ಸೇವಾ ಕೇಂದ್ರದಲ್ಲಿ ತಿಳಿದುಕೊಳ್ಳುವುದು.

ಆಂಪ್ಲಿಫೈಯರ್ ಎಷ್ಟು ವಿದ್ಯುತ್ ಸೆಳೆಯುತ್ತದೆ ಎಂಬುದು ಅದರ ವರ್ಗವನ್ನು ಅವಲಂಬಿಸಿರುತ್ತದೆ. ಹಳೆಯ ಎಬಿ ವರ್ಗದ ಆಂಪ್ಲಿಫೈಯರ್‌ಗಳು ಪೂರ್ಣ ಶಕ್ತಿಯಲ್ಲಿ ಪಡೆದ ವಿದ್ಯುತ್ತಿನ ಸುಮಾರು ಅರ್ಧದಿಂದ ಶೇ. 60ರಷ್ಟನ್ನು ಮಾತ್ರ ಸ್ಪೀಕರ್‌ಗೆ ನೀಡಿ ಉಳಿದುದನ್ನು ಶಾಖವಾಗಿ ಹೊರಹಾಕುತ್ತವೆ. ಡಿ ವರ್ಗದವು ಶೇ. 80 ಅಥವಾ ಅದಕ್ಕಿಂತ ಹೆಚ್ಚಿನ ದಕ್ಷತೆ ಹೊಂದಿರುತ್ತವೆ. ದ್ವಿಚಕ್ರ ವಾಹನಕ್ಕೆ ಡಿ ವರ್ಗವೇ ಸೂಕ್ತ. ಶೇ. 80 ದಕ್ಷತೆಯ, ತಲಾ 50 ವಾಟ್‌ನ ಎರಡು ಚಾನೆಲ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ 125 ವಾಟ್, ಅಂದರೆ 13.8 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಸೆಳೆಯುತ್ತದೆ. ಸಂಗೀತದಲ್ಲಿ ಏರಿಳಿತವಿರುವುದರಿಂದ ಜೋರಾಗಿ ನುಡಿಸಿದಾಗಲೂ ಸರಾಸರಿ ಬಳಕೆ ಇದರ ಮೂರನೆಯ ಒಂದು ಭಾಗ, ಅಂದರೆ 42 ವಾಟ್ ಎಂದು ಲೆಕ್ಕ ಹಿಡಿಯಬಹುದು. ಮೇಲ್ಕಂಡ ಬೈಕಿನ ಸಂಪೂರ್ಣ ಉಳಿಕೆಯು ಇದಕ್ಕೇ ಸಾಲುವುದಿಲ್ಲ. ಅದೇ ವರ್ಗದ ತಲಾ 25 ವಾಟ್‌ನ ಆಂಪ್ಲಿಫೈಯರ್‌ಗೆ ಸರಾಸರಿ 21 ವಾಟ್ ಸಾಕಾಗುತ್ತದೆ.

2. ವಾಟ್ ಸಂಖ್ಯೆಗಳನ್ನು ಓದುವ ಕ್ರಮ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗಿರುವ "ಪೀಕ್", "ಮ್ಯಾಕ್ಸ್" ಅಥವಾ "ಪಿಎಂಪಿಒ" ವಾಟ್‌ಗಳು ಹೊಂದಾಣಿಕೆಗೆ ಉಪಯುಕ್ತವಲ್ಲ. ನಿರಂತರವಾಗಿ ನೀಡಬಲ್ಲ ಶಕ್ತಿಯನ್ನು ಸೂಚಿಸುವ "ಆರ್‌ಎಂಎಸ್" ವಾಟ್ ಅನ್ನು ಮಾತ್ರ ಪರಿಗಣಿಸತಕ್ಕದ್ದು. ಅದನ್ನು ಎಷ್ಟು ಓಮ್‌ಗೆ ಹೇಳಲಾಗಿದೆ ಎಂಬುದನ್ನೂ ನೋಡಬೇಕು.

"50 ವಾಟ್ × 4" ಎಂದು ನಮೂದಿಸಿರುವ ಸಾಧಾರಣ ಸ್ಟೀರಿಯೋ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವೋಲ್ಟೇಜ್ ಹೆಚ್ಚಿಸುವ ಒಳಮಂಡಲವಿಲ್ಲದ ಇಂತಹ ಘಟಕಕ್ಕೆ ದೊರೆಯುವುದು ವಾಹನದ 14.4 ವೋಲ್ಟ್ ಮಾತ್ರ. ಆ 14.4 ವೋಲ್ಟ್ ಅನ್ನು ಅದರಿಂದಲೇ ಗುಣಿಸಿ, 4 ಓಮ್‌ನಿಂದ ಭಾಗಿಸಿದರೆ ಸುಮಾರು 52 ವಾಟ್ ಬರುತ್ತದೆ. ಧ್ವನಿ ಸಂಪೂರ್ಣ ಒಡೆದು ಕರ್ಕಶವಾದಾಗ ದೊರೆಯುವ ಸಂಖ್ಯೆ ಇದಾಗಿದೆ. ಶುದ್ಧ ಧ್ವನಿಗೆ ಗರಿಷ್ಠ ಮಿತಿ ಇದರ ಅರ್ಧ, ಅಂದರೆ 26 ವಾಟ್. ಒಳನಷ್ಟಗಳನ್ನು ಕಳೆದರೆ ವಾಸ್ತವವಾಗಿ ದೊರೆಯುವುದು ಸುಮಾರು 18ರಿಂದ 22 ವಾಟ್. ಈ ಲೆಕ್ಕವು ತಿಳಿದಿದ್ದಲ್ಲಿ, ಅಂಗೈ ಗಾತ್ರದ ಅಗ್ಗದ ಆಂಪ್ಲಿಫೈಯರ್‌ಗಳ ಮೇಲೆ ಬರೆದ "500 ವಾಟ್", "1000 ವಾಟ್" ಎಂಬ ಸಂಖ್ಯೆಗಳನ್ನು ಗ್ರಾಹಕರು ತಾವೇ ಪರೀಕ್ಷಿಸಬಹುದು. ಆಂಪ್ಲಿಫೈಯರ್‌ನ ಫ್ಯೂಸ್ 10 ಆಂಪಿಯರ್‌ನದಾಗಿದ್ದರೆ ಅದು ಒಳಗೆ ಪಡೆಯಬಹುದಾದ ವಿದ್ಯುತ್ತೇ ಸುಮಾರು 138 ವಾಟ್. ಹೊರಗೆ ಅದಕ್ಕಿಂತ ಹೆಚ್ಚನ್ನು ನಿರಂತರವಾಗಿ ನೀಡಲು ಸಾಧ್ಯವಿಲ್ಲ.

3. ಓಮ್ ಹೊಂದಾಣಿಕೆ

ಸ್ಪೀಕರ್‌ನ ವಿದ್ಯುತ್ ತಡೆಯನ್ನು ಓಮ್‌ಗಳಲ್ಲಿ ಸೂಚಿಸಲಾಗುತ್ತದೆ. ಪ್ರತಿಯೊಂದು ಆಂಪ್ಲಿಫೈಯರ್‌ಗೂ ಅದು ಸುರಕ್ಷಿತವಾಗಿ ಭರಿಸಬಲ್ಲ ಕನಿಷ್ಠ ಓಮ್ ನಿಗದಿಯಾಗಿರುತ್ತದೆ. ಸ್ಪೀಕರ್‌ಗಳ ಒಟ್ಟು ತಡೆಯು ಅದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳತಕ್ಕದ್ದು. ಕಡಿಮೆಯಾದಲ್ಲಿ ಕರೆಂಟ್ ಮಿತಿಮೀರಿ, ಆಂಪ್ಲಿಫೈಯರ್ ಬಿಸಿಯಾಗಿ ಆಗಾಗ್ಗೆ ಬಂದ್ ಆಗುತ್ತದೆ ಅಥವಾ ಸುಟ್ಟುಹೋಗುತ್ತದೆ. ಒಟ್ಟು ತಡೆಯು ಹೆಚ್ಚಾದಲ್ಲಿ ಅಪಾಯವಿಲ್ಲ, ಶಕ್ತಿ ಮಾತ್ರ ಕಡಿಮೆಯಾಗುತ್ತದೆ.

ಜೋಡಣೆಯ ಫಲಿತಾಂಶಗಳು ಈ ಕೆಳಕಂಡಂತಿರುತ್ತವೆ:

- 4 ಓಮ್‌ನ ಎರಡು ಸ್ಪೀಕರ್, ಸಮಾಂತರ ಜೋಡಣೆ: 2 ಓಮ್
- 4 ಓಮ್‌ನ ಎರಡು ಸ್ಪೀಕರ್, ಸರಣಿ ಜೋಡಣೆ: 8 ಓಮ್
- 8 ಓಮ್‌ನ ಎರಡು ಸ್ಪೀಕರ್, ಸಮಾಂತರ ಜೋಡಣೆ: 4 ಓಮ್
- 4 ಓಮ್‌ನ ನಾಲ್ಕು ಸ್ಪೀಕರ್, ಎರಡೆರಡು ಸರಣಿಯಲ್ಲಿದ್ದು ಆ ಎರಡು ಜೋಡಿ ಸಮಾಂತರವಾದಲ್ಲಿ: 4 ಓಮ್

4 ಓಮ್ ಮತ್ತು 8 ಓಮ್‌ನ ಸ್ಪೀಕರ್‌ಗಳನ್ನು ಒಂದೇ ಚಾನೆಲ್‌ಗೆ ಸಮಾಂತರವಾಗಿ ಜೋಡಿಸಿದರೆ ಒಟ್ಟು ಸುಮಾರು 2.7 ಓಮ್ ಆಗುತ್ತದೆ. ಅಲ್ಲದೆ 4 ಓಮ್‌ನ ಸ್ಪೀಕರ್ ಇನ್ನೊಂದರ ಎರಡರಷ್ಟು ಶಕ್ತಿಯನ್ನು ಸೆಳೆಯುತ್ತದೆ. ಇಂತಹ ಮಿಶ್ರ ಜೋಡಣೆಯನ್ನು ತಪ್ಪಿಸುವುದು ಒಳಿತು.

ಎರಡು ಚಾನೆಲ್‌ಗಳನ್ನು ಒಂದಾಗಿಸಿ ಒಂದೇ ಸ್ಪೀಕರ್‌ಗೆ ನೀಡುವ "ಬ್ರಿಡ್ಜ್" ವಿಧಾನದಲ್ಲಿ ಪ್ರತಿ ಚಾನೆಲ್‌ಗೂ ಸ್ಪೀಕರ್‌ನ ಅರ್ಧ ಓಮ್ ಮಾತ್ರ ಕಾಣಿಸುತ್ತದೆ. ಪ್ರತಿ ಚಾನೆಲ್‌ಗೆ ಕನಿಷ್ಠ 4 ಓಮ್ ಬೇಕೆನ್ನುವ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾಡಿ 4 ಓಮ್‌ನ ಸ್ಪೀಕರ್ ಜೋಡಿಸಿದರೆ ಪ್ರತಿ ಚಾನೆಲ್‌ಗೆ 2 ಓಮ್ ಬಿದ್ದಂತಾಗುತ್ತದೆ. ಆದುದರಿಂದ ಬ್ರಿಡ್ಜ್ ವಿಧಾನದ ಕನಿಷ್ಠ ಓಮ್ ಅನ್ನು ಕೈಪಿಡಿಯಲ್ಲಿ ಪ್ರತ್ಯೇಕವಾಗಿ ನೋಡತಕ್ಕದ್ದು.

ಹಳೆಯ ಸ್ಪೀಕರ್‌ಗಳ ಮೇಲೆ ಓಮ್ ಅಳಿಸಿಹೋಗಿದ್ದಲ್ಲಿ ಮಲ್ಟಿಮೀಟರ್‌ನಿಂದ ಅಳೆಯಬಹುದು. ಮೀಟರ್ ತೋರಿಸುವ ಸಂಖ್ಯೆಯು ನಮೂದಿತ ಓಮ್‌ಗಿಂತ ಸ್ವಲ್ಪ ಕಡಿಮೆ ಇರುವುದು ಸಹಜ. 4 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 3ರಿಂದ 3.7ರ ನಡುವೆ, 8 ಓಮ್‌ನದು 5.5ರಿಂದ 7ರ ನಡುವೆ ತೋರಿಸುತ್ತದೆ. ತಯಾರಕರು ಅಳವಡಿಸಿದ ಸ್ಪೀಕರನ್ನು ಬದಲಾಯಿಸುವಾಗ ಮೂಲ ಸ್ಪೀಕರ್‌ನ ಓಮ್ ಅಳೆದು ಬರೆದಿಟ್ಟುಕೊಳ್ಳುವುದು ಅವಶ್ಯಕ.

4. ಶಕ್ತಿ ಮತ್ತು ಸಂವೇದಕತೆಯ ಹೊಂದಾಣಿಕೆ

ಆಂಪ್ಲಿಫೈಯರ್‌ನ ಆರ್‌ಎಂಎಸ್ ವಾಟ್ ಸ್ಪೀಕರ್‌ನ ಆರ್‌ಎಂಎಸ್ ವಾಟ್‌ಗೆ ಸರಿಸುಮಾರು ಸಮನಾಗಿರುವುದು ಸಾಮಾನ್ಯ ನಿಯಮ. ಚಿಕ್ಕ ಆಂಪ್ಲಿಫೈಯರ್ ಇದ್ದರೆ ಸ್ಪೀಕರ್‌ಗೆ ಅಪಾಯವಿಲ್ಲವೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಚಿಕ್ಕ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ಏರಿಸಿದಾಗ ಧ್ವನಿಯ ಅಲೆಗಳ ತುದಿ ಕತ್ತರಿಸಿಹೋಗಿ, ನಮೂದಿತ ಶಕ್ತಿಗಿಂತ ಹೆಚ್ಚಿನ ಶಕ್ತಿಯು ಸ್ಪೀಕರ್‌ಗೆ ಹರಿಯುತ್ತದೆ. ಇದರಿಂದ ಮೊದಲು ಟ್ವೀಟರ್ ಸುಡುತ್ತದೆ. ಧ್ವನಿ ಒಡೆದ ಕೂಡಲೇ ಕಡಿಮೆ ಮಾಡುವುದೇ ಇದಕ್ಕೆ ಪರಿಹಾರ.

ದ್ವಿಚಕ್ರ ವಾಹನಕ್ಕೆ ವಾಟ್‌ಗಿಂತಲೂ ಮುಖ್ಯವಾದುದು ಸ್ಪೀಕರ್‌ನ ಸಂವೇದಕತೆ. ಒಂದು ವಾಟ್ ನೀಡಿದಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಧ್ವನಿ ಬರುತ್ತದೆ ಎಂಬುದು ಇದರ ಅಳತೆ. ಧ್ವನಿಯನ್ನು 3 ಡೆಸಿಬಲ್ ಹೆಚ್ಚಿಸಲು ಎರಡರಷ್ಟು ಶಕ್ತಿ ಬೇಕು. ಕಿವಿಗೆ ಸರಿಸುಮಾರು ಎರಡು ಪಟ್ಟು ಜೋರು ಎನಿಸುವ 10 ಡೆಸಿಬಲ್ ಹೆಚ್ಚಳಕ್ಕೆ ಹತ್ತರಷ್ಟು ಶಕ್ತಿ ಬೇಕು. 88 ಡೆಸಿಬಲ್ ಸಂವೇದಕತೆಯ ಸ್ಪೀಕರ್ 100 ವಾಟ್‌ನಲ್ಲಿ ನೀಡುವ ಧ್ವನಿಯನ್ನು 94 ಡೆಸಿಬಲ್ ಸಂವೇದಕತೆಯದು 25 ವಾಟ್‌ನಲ್ಲಿಯೇ ನೀಡುತ್ತದೆ. ಅಂದರೆ ಉತ್ತಮ ಸಂವೇದಕತೆಯ ಸ್ಪೀಕರ್ ಆರಿಸಿದಲ್ಲಿ ಮೊದಲ ಭಾಗದಲ್ಲಿ ತಿಳಿಸಿದ 40 ವಾಟ್ ಉಳಿಕೆಯೊಳಗೇ ಕೆಲಸ ಪೂರೈಸುತ್ತದೆ. ದೊಡ್ಡ ಆಂಪ್ಲಿಫೈಯರ್‌ಗೆ ವ್ಯಯಿಸುವ ಹಣವನ್ನು ಸ್ಪೀಕರ್‌ಗೆ ವ್ಯಯಿಸುವುದು ಲಾಭದಾಯಕ.

ಬೈಕಿನಲ್ಲಿ ಬಳಸುವ 4ರಿಂದ 6.5 ಇಂಚಿನ ಸ್ಪೀಕರ್‌ಗಳು ತೆರೆದ ಗಾಳಿಯಲ್ಲಿ ಆಳವಾದ ಬಾಸ್ ನೀಡಲಾರವು. ಆಂಪ್ಲಿಫೈಯರ್‌ನಲ್ಲಿರುವ ಹೈಪಾಸ್ ಫಿಲ್ಟರನ್ನು 100ರಿಂದ 120 ಹರ್ಟ್ಜ್‌ಗೆ ಇರಿಸಿದಲ್ಲಿ ಸ್ಪೀಕರ್‌ನ ಕೋನ್ ಅನಾವಶ್ಯಕವಾಗಿ ಅದುರುವುದು ತಪ್ಪಿ, ಮಾತು ಮತ್ತು ಗಾಯನ ಸ್ಪಷ್ಟವಾಗುತ್ತದೆ. ಬ್ಯಾಟರಿಯೂ ಉಳಿಯುತ್ತದೆ.

5. ಗೇನ್ ಹೊಂದಿಸುವ ವಿಧಾನ

ಆಂಪ್ಲಿಫೈಯರ್‌ನ "ಗೇನ್" ತಿರುಪು ಧ್ವನಿ ಏರಿಸುವ ಗುಂಡಿಯಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಸರಿಹೊಂದಿಸುವ ಸಾಧನ ಅದಾಗಿದೆ. ಇದನ್ನು ಈ ಕೆಳಕಂಡಂತೆ ಹೊಂದಿಸಬಹುದು:

1. ಸ್ಪೀಕರ್ ತಂತಿಗಳನ್ನು ಬಿಚ್ಚಿ, ಗೇನ್ ಅನ್ನು ಕನಿಷ್ಠಕ್ಕೆ ಇಳಿಸುವುದು.
2. ಸ್ಟೀರಿಯೋದ ಬಾಸ್, ಟ್ರೆಬಲ್‌ಗಳನ್ನು ಸಮಸ್ಥಿತಿಯಲ್ಲಿಟ್ಟು, ಧ್ವನಿಯನ್ನು ಗರಿಷ್ಠದ ಮುಕ್ಕಾಲು ಭಾಗಕ್ಕೆ ಏರಿಸುವುದು.
3. 400 ಹರ್ಟ್ಜ್‌ನ ಪರೀಕ್ಷಾ ಧ್ವನಿಯನ್ನು ನುಡಿಸಿ, ಆಂಪ್ಲಿಫೈಯರ್‌ನ ಸ್ಪೀಕರ್ ತುದಿಗಳಲ್ಲಿ ಎಸಿ ವೋಲ್ಟೇಜ್ ಅಳೆಯುವುದು.
4. ವಾಟ್ ಮತ್ತು ಓಮ್‌ಗಳನ್ನು ಗುಣಿಸಿ ಬಂದ ಸಂಖ್ಯೆಯ ವರ್ಗಮೂಲದಷ್ಟು ವೋಲ್ಟ್ ಬರುವವರೆಗೆ ಗೇನ್ ಏರಿಸಿ ನಿಲ್ಲಿಸುವುದು. 4 ಓಮ್‌ಗೆ 25 ವಾಟ್ ಆದಲ್ಲಿ 10 ವೋಲ್ಟ್, 4 ಓಮ್‌ಗೆ 50 ವಾಟ್ ಆದಲ್ಲಿ ಸುಮಾರು 14.1 ವೋಲ್ಟ್.
5. ವಿದ್ಯುತ್ ಬಂದ್ ಮಾಡಿದ ನಂತರವೇ ಸ್ಪೀಕರ್‌ಗಳನ್ನು ಮರುಜೋಡಿಸುವುದು.

6. ವೈರಿಂಗ್ ಮತ್ತು ಅಳವಡಿಕೆ

ಈ ಕೆಳಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸತಕ್ಕದ್ದು:

- ಆಂಪ್ಲಿಫೈಯರ್‌ನ ವಿದ್ಯುತ್ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಪಡೆದು, ಬ್ಯಾಟರಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ, ಅಂದರೆ ಒಂದೂವರೆ ಅಡಿಯೊಳಗೆ, ಫ್ಯೂಸ್ ಹಾಕುವುದು. ಫ್ಯೂಸ್ ಇರುವುದು ತಂತಿಯ ರಕ್ಷಣೆಗಾಗಿ. ತಂತಿಯ ಸಾಮರ್ಥ್ಯಕ್ಕಿಂತ ದೊಡ್ಡ ಫ್ಯೂಸ್ ಹಾಕಬಾರದು.
- 9ರಿಂದ 10 ಆಂಪಿಯರ್ ಸೆಳೆಯುವ ವ್ಯವಸ್ಥೆಗೆ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಹಾಗೂ 15 ಆಂಪಿಯರ್‌ನ ಫ್ಯೂಸ್ ಸಾಕಾಗುತ್ತದೆ.
- ಹಾರ್ನ್, ಮುಂದೀಪ ಅಥವಾ ಎಬಿಎಸ್ ತಂತಿಗಳನ್ನು ಸುಲಿದು ಅವುಗಳಿಂದ ವಿದ್ಯುತ್ ಪಡೆಯಬಾರದು.
- ಕೀಲಿ ಬಂದ್ ಮಾಡಿದೊಡನೆ ಆಂಪ್ಲಿಫೈಯರ್ ಸಹ ಬಂದ್ ಆಗುವಂತೆ ರಿಲೇ ಅಥವಾ ರಿಮೋಟ್ ತಂತಿಯನ್ನು ಜೋಡಿಸುವುದು. ನಿಂತ ಬೈಕಿನಲ್ಲಿ 50 ಮಿಲಿಆಂಪಿಯರ್ ಸೋರಿಕೆಯಾದರೂ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚಾಗಿ, 5 ಆಂಪಿಯರ್-ಅವರ್‌ನ ಬ್ಯಾಟರಿ ಸುಮಾರು ನಾಲ್ಕು ದಿನಗಳಲ್ಲಿ ಬರಿದಾಗುತ್ತದೆ.
- ಬಹುತೇಕ ವಾಹನ ಸ್ಟೀರಿಯೋ ಹಾಗೂ ಚಿಕ್ಕ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್‌ನ ಋಣ ತಂತಿಯನ್ನು ವಾಹನದ ಚಾಸಿಗೆ ಜೋಡಿಸುವಂತಿಲ್ಲ. ಜೋಡಿಸಿದಲ್ಲಿ ಆಂಪ್ಲಿಫೈಯರ್ ಹಾಳಾಗುತ್ತದೆ.
- ಎರಡೂ ಸ್ಪೀಕರ್‌ಗಳ ಧನ, ಋಣ ತುದಿಗಳು ಒಂದೇ ಕ್ರಮದಲ್ಲಿರಬೇಕು. ಒಂದು ತಿರುವುಮುರುವಾದರೂ ಧ್ವನಿ ತೆಳುವಾಗುತ್ತದೆ.
- ಮಲೆನಾಡು ಮತ್ತು ಕರಾವಳಿಯ ಮಳೆಯಲ್ಲಿ ಕಾಗದದ ಕೋನ್ ಬಾಳಿಕೆ ಬರುವುದಿಲ್ಲ. ಪಾಲಿಪ್ರೊಪಿಲೀನ್ ಕೋನ್‌ನ, ಐಪಿ 65 ಅಥವಾ ಮೇಲ್ಪಟ್ಟ ರಕ್ಷಣಾ ದರ್ಜೆಯ ಉಪಕರಣಗಳನ್ನು ಆರಿಸುವುದು.
- ಹ್ಯಾಂಡಲ್ ತಿರುಗಿಸುವಾಗ ತಂತಿ ಸಿಕ್ಕಿಕೊಳ್ಳದಂತೆ, ದೀಪ, ಇಂಡಿಕೇಟರ್, ಕನ್ನಡಿ ಹಾಗೂ ನಂಬರ್ ಪ್ಲೇಟ್ ಮರೆಯಾಗದಂತೆ ಅಳವಡಿಸುವುದು.

7. ವ್ಯಾಪಾರಿಗಳ ಧ್ವನಿವರ್ಧಕಗಳು

ಮಾರಾಟದ ಘೋಷಣೆಗೆ ಬಳಸುವ ಹಾರ್ನ್ ಸ್ಪೀಕರ್‌ಗಳು ಸಾಮಾನ್ಯವಾಗಿ 8 ಅಥವಾ 16 ಓಮ್‌ನವಾಗಿದ್ದು, ಇವುಗಳ ಸಂವೇದಕತೆ ಸಾಮಾನ್ಯ ಸ್ಪೀಕರ್‌ಗಳಿಗಿಂತ ಬಹಳ ಹೆಚ್ಚು. ಹಾಗಾಗಿ 10ರಿಂದ 15 ವಾಟ್‌ನ ಆಂಪ್ಲಿಫೈಯರ್ ಒಂದು ಬೀದಿಗೆ ಧಾರಾಳವಾಗಿ ಸಾಕಾಗುತ್ತದೆ. ಆಂಪ್ಲಿಫೈಯರ್‌ನಲ್ಲಿ 4, 8, 16 ಓಮ್ ಮತ್ತು 100 ವೋಲ್ಟ್ ಎಂಬ ಪ್ರತ್ಯೇಕ ತುದಿಗಳಿದ್ದಲ್ಲಿ ಹಾರ್ನ್‌ನ ಓಮ್‌ಗೆ ಸರಿಯಾದ ತುದಿಗೇ ಜೋಡಿಸಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಹಾರ್ನನ್ನು 100 ವೋಲ್ಟ್ ತುದಿಗೆ ಜೋಡಿಸಬಾರದು.

ಎಂಜಿನ್ ನಿಲ್ಲಿಸಿ ಧ್ವನಿವರ್ಧಕ ಬಳಸುವ ವ್ಯಾಪಾರಿಗಳು ಬ್ಯಾಟರಿಯ ಲೆಕ್ಕವನ್ನು ಅವಶ್ಯವಾಗಿ ತಿಳಿದಿರಬೇಕು. 5 ಆಂಪಿಯರ್-ಅವರ್‌ನ ಬ್ಯಾಟರಿಯಿಂದ 3 ಆಂಪಿಯರ್ ಸೆಳೆದರೆ 50 ನಿಮಿಷಗಳಲ್ಲಿ ಅದರ ಅರ್ಧ ಚಾರ್ಜ್ ಮುಗಿಯುತ್ತದೆ. ಆನಂತರ ಸೆಲ್ಫ್ ಸ್ಟಾರ್ಟ್ ಆಗದಿರಬಹುದು. ಕಿಕ್ ಇಲ್ಲದ ಇಂಜೆಕ್ಷನ್ ವಾಹನವು ಅಲ್ಲಿಯೇ ನಿಲ್ಲುತ್ತದೆ. ಧ್ವನಿವರ್ಧಕಕ್ಕೆ ಪ್ರತ್ಯೇಕ ಬ್ಯಾಟರಿ ಇಟ್ಟು, ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವುದು ಸುರಕ್ಷಿತ ವಿಧಾನವಾಗಿದೆ.

8. ಕಾನೂನು ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ಹಾಗೂ ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ರಚನೆಯಲ್ಲಿ ಬದಲಾವಣೆ ಮಾಡಿ ಅದರ ಮೂಲ ಲಕ್ಷಣವೇ ಬದಲಾಗುವುದನ್ನು ಸದರಿ ಪ್ರಕರಣವು "ಮಾರ್ಪಾಡು" ಎಂದು ವಿವರಿಸುತ್ತದೆ. ಚೌಕಟ್ಟನ್ನು ಕತ್ತರಿಸುವ, ವೆಲ್ಡಿಂಗ್ ಮಾಡುವ ಉದ್ದೇಶವಿದ್ದಲ್ಲಿ ಮುಂಚಿತವಾಗಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. 2019ರಲ್ಲಿ ಸೇರಿಸಲಾದ 182ಎ(4) ಪ್ರಕರಣದಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು.

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ಹತೋಟಿ) ನಿಯಮಗಳು, 2000ರ ಮುಖ್ಯಾಂಶಗಳು:

- ಧ್ವನಿವರ್ಧಕ ಬಳಸಲು ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಕಡ್ಡಾಯ. ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಪೊಲೀಸ್ ಉಪಾಧೀಕ್ಷಕರ ದರ್ಜೆಗೆ ಕಡಿಮೆಯಲ್ಲದ ನಿಯೋಜಿತ ಅಧಿಕಾರಿಯು ಪ್ರಾಧಿಕಾರವಾಗಿರುತ್ತಾರೆ.
- ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕ ಬಳಕೆ ನಿಷಿದ್ಧ.
- ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ ಕ್ರಮವಾಗಿ 65 ಮತ್ತು 55. ನಿಶ್ಶಬ್ದ ವಲಯದಲ್ಲಿ 50 ಮತ್ತು 40.
- ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವನ್ನಾಗಿ ಘೋಷಿಸಬಹುದು.

ಅನುಮತಿ ಬಯಸುವ ವ್ಯಾಪಾರಿಗಳು ಮೊದಲಿಗೆ ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯನ್ನು ಸಂಪರ್ಕಿಸಬಹುದು. ಅರ್ಜಿಯಲ್ಲಿ ಸಂಚರಿಸುವ ಬೀದಿಗಳು, ಸಮಯ, ವಾಹನದ ನೋಂದಣಿ ಸಂಖ್ಯೆ ಹಾಗೂ ಆಂಪ್ಲಿಫೈಯರ್‌ನ ಆರ್‌ಎಂಎಸ್ ವಾಟ್ ವಿವರಗಳನ್ನು ಸ್ಪಷ್ಟವಾಗಿ ನಮೂದಿಸುವುದು ಒಳಿತು.

9. ಶ್ರವಣ ಮತ್ತು ರಸ್ತೆ ಸುರಕ್ಷತೆ

ಬೈಕ್ ವೇಗವಾಗಿ ಸಾಗುವಾಗ ಹೆಲ್ಮೆಟ್‌ನೊಳಗಿನ ಗಾಳಿಯ ಶಬ್ದವೇ 90 ಡೆಸಿಬಲ್ ಮೀರಬಲ್ಲದು. ಅದರ ಮೇಲೆ ಸಂಗೀತ ಕೇಳಿಸಬೇಕಾದರೆ ಇನ್ನೂ ಜೋರಾಗಿ ನುಡಿಸಬೇಕಾಗುತ್ತದೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಸಹಿಸಬಹುದೆಂಬುದು ಔದ್ಯೋಗಿಕ ಆರೋಗ್ಯ ತಜ್ಞರ ಒಂದು ಪ್ರಮುಖ ಅಳತೆಗೋಲು. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೆ ಈ ಅವಧಿ ಅರ್ಧವಾಗುತ್ತದೆ. ಹಾಗೆ 100 ಡೆಸಿಬಲ್‌ಗೆ ಬಂದಾಗ ಉಳಿಯುವುದು 15 ನಿಮಿಷ ಮಾತ್ರ. ಕಳೆದುಹೋದ ಶ್ರವಣಶಕ್ತಿಯು ಮರಳುವುದಿಲ್ಲ.

ಹಿಂದಿನಿಂದ ಬರುವ ಆಂಬುಲೆನ್ಸ್‌ನ ಸೈರನ್ ಸವಾರನಿಗೆ ಕೇಳಿಸುವಂತಿರಬೇಕು. ತುರ್ತು ವಾಹನಗಳಿಗೆ ದಾರಿ ಬಿಡದಿರುವುದು 194ಇ ಪ್ರಕರಣದಡಿ ಅಪರಾಧವಾಗಿದ್ದು, 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡಕ್ಕೂ ಅವಕಾಶವಿದೆ. ಸೈರನ್ ಕೇಳಿಸದಷ್ಟು ಜೋರಾಗಿ ನುಡಿಸುವ ಸವಾರನಿಂದ ಒಂದು ಜೀವವು ತಡವಾಗಿ ಆಸ್ಪತ್ರೆ ತಲುಪಬಹುದೆಂಬುದನ್ನು ಗಮನದಲ್ಲಿಡತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

*ದೊಡ್ಡ ಬ್ಯಾಟರಿ ಹಾಕಿದರೆ ದೊಡ್ಡ ಆಂಪ್ಲಿಫೈಯರ್ ಬಳಸಬಹುದೇ?*
ಬ್ಯಾಟರಿಯು ವಿದ್ಯುತ್ತನ್ನು ಸಂಗ್ರಹಿಸುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ. ಮ್ಯಾಗ್ನೆಟ್ ಕಾಯಿಲ್‌ನ ಸಾಮರ್ಥ್ಯ ಅಷ್ಟೇ ಇರುವುದರಿಂದ ಬ್ಯಾಟರಿ ಖಾಲಿಯಾಗುವುದು ತಡವಾಗುತ್ತದೆ, ತಪ್ಪುವುದಿಲ್ಲ.

*ಸ್ಪೀಕರ್ ಮಾತ್ರ ಬದಲಾಯಿಸಿದರೆ ಸಾಕೇ?*
ಮೂಲ ಸ್ಪೀಕರ್‌ನಷ್ಟೇ ಓಮ್‌ನ, ಹೆಚ್ಚಿನ ಸಂವೇದಕತೆಯ ಸ್ಪೀಕರ್ ಹಾಕಿದಲ್ಲಿ ಹಲವರಿಗೆ ಅಷ್ಟೇ ಸಾಕಾಗುತ್ತದೆ. ಇದು ಕಡಿಮೆ ಖರ್ಚಿನ ಮೊದಲ ಹೆಜ್ಜೆಯಾಗಿದೆ.

*ವಾಹನದ ವಾರಂಟಿ ಮತ್ತು ವಿಮೆಯ ಮೇಲೆ ಪರಿಣಾಮವಿದೆಯೇ?*
ವೈರಿಂಗ್ ಕತ್ತರಿಸಿದಲ್ಲಿ ವಿದ್ಯುತ್ ಭಾಗಗಳ ವಾರಂಟಿಯನ್ನು ತಯಾರಕರು ನಿರಾಕರಿಸಬಹುದು. ಹೊರಗಿನಿಂದ ಅಳವಡಿಸಿದ ವಿದ್ಯುನ್ಮಾನ ಪರಿಕರಗಳ ಮೌಲ್ಯವನ್ನು ವಿಮಾ ಪಾಲಿಸಿಯಲ್ಲಿ ಘೋಷಿಸಿ, ಹೆಚ್ಚುವರಿ ಪ್ರೀಮಿಯಂ ಪಾವತಿಸಿದಲ್ಲಿ ಮಾತ್ರ ಅವುಗಳಿಗೆ ಪರಿಹಾರ ದೊರೆಯುವ ಸಾಧ್ಯತೆ ಇರುತ್ತದೆ. ಬಿಲ್ಲುಗಳನ್ನು ಕಾಯ್ದಿಟ್ಟುಕೊಳ್ಳುವುದು.

ಸೂಚನೆ: ಈ ಪುಟದಲ್ಲಿನ ಲೆಕ್ಕಗಳು ಮಾರ್ಗದರ್ಶನಕ್ಕಾಗಿ ಮಾತ್ರ. ಆಯಾ ವಾಹನ ಹಾಗೂ ಉಪಕರಣದ ಕೈಪಿಡಿಯಲ್ಲಿರುವ ವಿವರಗಳೇ ಅಂತಿಮವಾಗಿರುತ್ತವೆ. ಅಳವಡಿಕೆಯನ್ನು ಅನುಭವವುಳ್ಳ ವಾಹನ ಎಲೆಕ್ಟ್ರೀಷಿಯನ್‌ರಿಂದಲೇ ಮಾಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.